ಲೈಬ್ರರಿ ಮ್ಯೂಸಿಕ್: ಒಂದು ಟ್ರ್ಯಾಕ್ ಜೊತೆ ಏನೇನು ಕಳಿಸಬೇಕು?

ಪ್ರಶ್ನೆ
ಟಿವಿ, ಜಾಹೀರಾತಿಗೆ ಸಂಗೀತ ಲೈಸೆನ್ಸ್ ಮಾಡುವ ಲೈಬ್ರರಿಯೊಂದು 10 ಟ್ರ್ಯಾಕ್ ಕೇಳಿದೆ. ವೀಣೆ, ಮೃದಂಗ, ಜೊತೆಗೆ ಸಿಂಥ್. ಫೈಲ್ ಹೇಗೆ ಸಿದ್ಧಪಡಿಸಲಿ? ಎಕ್ಸ್‌ಕ್ಲೂಸಿವ್ (ಅದೇ ಟ್ರ್ಯಾಕನ್ನು ಬೇರೆ ಯಾರಿಗೂ ಕೊಡದ) ಒಪ್ಪಂದಕ್ಕೆ ಸಹಿ ಹಾಕಬಹುದಾ?

ಉತ್ತರ 1
ಸಾಮಾನ್ಯವಾಗಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಕೇಳ್ತಾರೆ. ಪೂರ್ತಿ ಮಿಕ್ಸ್ ಒಂದೇ ಸಾಲದು. ವೀಣೆ ತೆಗೆದ ಮಿಕ್ಸ್, ಬರೀ ಮೃದಂಗ ಮತ್ತು ಬೇಸ್, 60, 30, 15 ಸೆಕೆಂಡಿನ ಕಟ್, ಜೊತೆಗೆ ಸ್ಟೆಮ್‌ಗಳು (ಒಂದೊಂದು ವಾದ್ಯ ಅಥವಾ ಗುಂಪಿನ ಬೇರೆ ಬೇರೆ ಫೈಲ್) ಬೇಕು. ವೀಣೆ ಇಲ್ಲದ ಮಿಕ್ಸನ್ನು ಅಸಡ್ಡೆ ಮಾಡಬೇಡಿ. ನಿರೂಪಣೆಯ ಕೆಳಗೆ ಗಮಕ ಓಡುತ್ತಿದ್ದರೆ ಮಾತು, ವೀಣೆ ಎರಡೂ ಕೆಡುತ್ತವೆ. ಎಲ್ಲ ಸ್ಟೆಮ್ ಸೊನ್ನೆಯಿಂದಲೇ ಶುರುವಾಗಲಿ, ಇಲ್ಲದಿದ್ದರೆ ಎಡಿಟರ್ ಟೈಮ್‌ಲೈನಿನಲ್ಲಿ ತಾಳ ತಪ್ಪುತ್ತೆ. ಕೊನೆಯಲ್ಲಿ ಫೇಡ್ ಬೇಡ. ಒಂದು ಖಚಿತ ಪೆಟ್ಟಿನಲ್ಲಿ ಮುಗಿಸಿ, ನಾದ ಪೂರ್ತಿ ಅಡಗುವವರೆಗೆ ಫೈಲ್ ಓಡಲಿ.

ಉತ್ತರ 2
ಸರ್, ಎಕ್ಸ್‌ಕ್ಲೂಸಿವ್ ತಪ್ಪಲ್ಲ. ಆದರೆ ಎಷ್ಟು ವರ್ಷ, ಹಕ್ಕು ಯಾವಾಗ ವಾಪಸ್, ಮುಂಗಡ ಎಷ್ಟು ಅಂತ ಬರಹದಲ್ಲಿರಲಿ. ಪ್ರಸಾರದ ರಾಯಲ್ಟಿಯಲ್ಲಿ ಸಂಯೋಜಕರ ಪಾಲನ್ನು ಯಾವ ಕಾರಣಕ್ಕೂ ಬರೆದುಕೊಡಬೇಡಿ. ಐಪಿಆರ್‌ಎಸ್ (ಸಂಯೋಜಕರ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆ) ಸದಸ್ಯರಾಗಿ, ಸಿಗುವ ಐಪಿಐ ಸಂಖ್ಯೆಯನ್ನು (ಸಂಯೋಜಕರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಲೈಬ್ರರಿಗೆ ಕೊಡಿ. ಕ್ಯೂ ಶೀಟಿನಲ್ಲಿ (ಕಾರ್ಯಕ್ರಮದಲ್ಲಿ ಬಳಸಿದ ಸಂಗೀತದ ಪಟ್ಟಿ) ಟ್ರ್ಯಾಕಿನ ಹೆಸರು ಒಂದು, ನೋಂದಣಿಯಲ್ಲಿ ಇನ್ನೊಂದು ಇದ್ದರೆ ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತೆ.

ಉತ್ತರ 3
ಮೃದಂಗ ನುಡಿಸಿದವರಿಂದ ಸಹಿ ಮಾಡಿದ ಹಕ್ಕು ಬಿಡುಗಡೆ ಪತ್ರ ತಗೊಳ್ಳಿ. ಕೊಂಡ ಲೂಪನ್ನು (ಮತ್ತೆ ಮತ್ತೆ ನುಡಿಸುವ ಸಿದ್ಧ ತುಣುಕು) ಒಂಟಿಯಾಗಿ ಬಿಟ್ಟರೆ, ಅದನ್ನೇ ಬಳಸಿದ ಬೇರೆಯವರ ಹಾಡಿನಿಂದ ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ (ಹಕ್ಕಿರುವ ಧ್ವನಿಯನ್ನು ತಾನೇ ಗುರುತಿಸುವ ವ್ಯವಸ್ಥೆ) ತಕರಾರು ಬರಬಹುದು. ಪ್ರಸಾರವಾದ ಮೇಲೆ ರಾಯಲ್ಟಿ ಕೈಸೇರಲು ವರ್ಷ ದಾಟುವುದೂ ಉಂಟು, ಮನೆ ಬಾಡಿಗೆಗೆ ಅದನ್ನು ನಂಬಬೇಡಿ.