ಓಪನ್‌ಸ್ಟ್ಯಾಕ್‌ಗೆ ಮೊದಲ ಪ್ಯಾಚ್: ಎಲ್ಲಿಂದ ಶುರು ಮಾಡಿದಿರಿ?

ಬದಿಯಡ್ಕದಿಂದ ಪ್ರಶ್ನೆ

ನಾನು ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಎಂಸಿಎ ಕೊನೆಯ ವರ್ಷ. ಪೈಥಾನ್ ಸುಮಾರಾಗಿ ಬರುತ್ತದೆ. ಓಪನ್‌ಸ್ಟ್ಯಾಕ್ ಅಂದರೆ ಕ್ಲೌಡ್ ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದಕ್ಕೆ ಕೋಡ್ ಕೊಡಬೇಕು ಅಂತ ತುಂಬಾ ಆಸೆ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಮಾತ್ರ ಉಂಟು. ಅದಕ್ಕಿಂತ ಜಾಸ್ತಿ ಹೆದರಿಕೆ ನನ್ನ ಇಂಗ್ಲಿಷ್‌ನದ್ದು. ಕೋಡ್ ಕಳಿಸಿದ ಅನುಭವ ಇರುವವರು ಹೇಳುತ್ತೀರಾ?

ಪೆರ್ಲದಿಂದ

ತಂಗೀ, ಆ ಹೆದರಿಕೆ ನನಗೂ ಇತ್ತು. ನಾನೂ ಕನ್ನಡ ಮೀಡಿಯಂ. ನನ್ನ ಮೊದಲ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ನಾಲ್ಕೇ ಸಾಲು. ಕೋಡ್ ಮುಗಿದ ಮೇಲೂ ಹನ್ನೆರಡು ದಿನ ಕಳಿಸದೆ ಇಟ್ಟುಕೊಂಡಿದ್ದೆ. ಕೈ ಕಟ್ಟಿದ್ದು ಕಮಿಟ್ ಮೆಸೇಜ್, ಅಂದರೆ ಏನು ಬದಲಿಸಿದೆ, ಯಾಕೆ ಅಂತ ಪ್ಯಾಚ್ ಜೊತೆ ಇಂಗ್ಲಿಷ್‌ನಲ್ಲಿ ಬರೆಯುವ ಟಿಪ್ಪಣಿ.

ಕೊನೆಗೆ ನೋಟ್‌ಬುಕ್ ತೆಗೆದು ಕನ್ನಡದಲ್ಲೇ ಮೂರು ವಾಕ್ಯ ಬರೆದೆ. "ಕಾನ್ಫಿಗ್ ಫೈಲಿನಲ್ಲಿ ಈ ಸಾಲು ಖಾಲಿ ಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಖಾಲಿ ಇದೆಯಾ ಅಂತ ಕೋಡ್ ಮೊದಲೇ ನೋಡುತ್ತಿರಲಿಲ್ಲ. ಈಗ ಶುರುವಿನಲ್ಲೇ ನೋಡಿ, ಯಾವ ಸಾಲು ಖಾಲಿ ಅಂತ ಹೇಳುತ್ತದೆ." ಇಷ್ಟೇ. ಇಂಗ್ಲಿಷ್‌ಗೆ ತಂದಾಗಲೂ ಮೂರು ಸಣ್ಣ ವಾಕ್ಯಗಳೇ ಆದವು. ರಿವ್ಯೂ ಮಾಡಿದವರು ಭಾಷೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಕೇಳಿದ್ದು, "ಇದಕ್ಕೆ ಟೆಸ್ಟ್ ಎಲ್ಲಿ?" ಅಂತ. ಈಗಲೂ ನಾನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಮೂರು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಬಗ್ ನನಗೇ ಸರಿಯಾಗಿ ಅರ್ಥ ಆಗಿಲ್ಲ ಅಂತ ಗೊತ್ತಾಗುತ್ತದೆ.

ನಮ್ಮೂರಲ್ಲಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ ಮಾತಾಡಿಯೇ ಬೆಳೆದವರಲ್ವಾ ನಾವು? ಬೇಕಾದಷ್ಟು ಮಾತು ಸೇರಿಸಿ ಕೆಲಸ ಮಾಡಿಕೊಳ್ಳುವುದು ನಿನಗೆ ಹೊಸತಲ್ಲ. ಓಪನ್‌ಸ್ಟ್ಯಾಕ್‌ನಲ್ಲಿ ಜಪಾನ್, ಚೀನಾ, ಯುರೋಪಿನವರೂ ಇದ್ದಾರೆ. ಅವರಲ್ಲೂ ಇಂಗ್ಲಿಷ್ ಮನೆಮಾತಲ್ಲದವರು ತುಂಬಾ ಜನ.

ಮೆಸೇಜ್‌ನ ಮೊದಲ ಸಾಲು 50 ಅಕ್ಷರದ ಆಸುಪಾಸಿನಲ್ಲಿರಲಿ. ಆಮೇಲೆ ಒಂದು ಖಾಲಿ ಸಾಲು. ಕೆಳಗಿನ ವಿವರದ ಸಾಲುಗಳು 72 ಅಕ್ಷರ ದಾಟಬಾರದು. ಲಾಂಚ್‌ಪ್ಯಾಡ್ ಅನ್ನುವ ಬಗ್ ಪಟ್ಟಿಯ ಸೈಟ್‌ನಲ್ಲಿ ಬಗ್ ದಾಖಲಾಗಿದ್ದರೆ ಅದರ ನಂಬರ್ ಹಾಕು. ಮೊದಲೆಲ್ಲ ಕೋಡ್ ಕೊಡುವವರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. 2025ರಿಂದ ಕಮಿಟ್‌ನ ಕೊನೆಗೆ 'ಸೈನ್ಡ್ ಆಫ್ ಬೈ' ಸಾಲು (ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಹೆಸರು ಹಾಕುವುದು) ಸೇರಿಸಿದರೆ ಸಾಕು.

8 ಜಿಬಿಗೆ ಚಿಂತೆ ಬೇಡ. ಒಂದೇ ಮೆಷಿನ್‌ನಲ್ಲಿ ಓಪನ್‌ಸ್ಟ್ಯಾಕ್ ಕೂರಿಸಿ ನೋಡುವ ಡೆವ್‌ಸ್ಟ್ಯಾಕ್ ಹಾಕಲೇಬೇಕು ಅಂತ ಹಲವರು ಹೇಳುತ್ತಾರೆ. ನೇರವಾಗಿ ಲ್ಯಾಪ್‌ಟಾಪ್ ಮೇಲೆ ಮಾತ್ರ ಹಾಕಬೇಡ, ಅದು ಇಡೀ ಸಿಸ್ಟಮ್‌ನ ಸೆಟ್ಟಿಂಗ್ ಬದಲಿಸುತ್ತದೆ. ಹಾಕುವುದಾದರೆ ವರ್ಚುವಲ್ ಮೆಷಿನ್‌ನಲ್ಲೇ. ಆದರೆ ಮೊದಲ ಪ್ಯಾಚ್‌ಗೆ ಅದು ಬೇಕಾಗುವುದೇ ಇಲ್ಲ. ಯೂನಿಟ್ ಟೆಸ್ಟ್‌ನಲ್ಲೇ (ಕೋಡಿನ ಒಂದು ಸಣ್ಣ ತುಂಡನ್ನು ಮಾತ್ರ ನೋಡುವ ಟೆಸ್ಟ್) ತೋರಿಸಬಹುದಾದ ಬಗ್ ಹುಡುಕು. ಟಾಕ್ಸ್ ಅನ್ನುವ ಟೂಲ್ ಆ ಟೆಸ್ಟ್‌ಗಳನ್ನೂ ಕೋಡ್ ಬರೆದ ಶೈಲಿಯನ್ನೂ ನಿನ್ನ ಮೆಷಿನ್‌ನಲ್ಲೇ ನೋಡುತ್ತದೆ. ಮೊದಲ ಸಲ ತುಂಬಾ ಪ್ಯಾಕೇಜ್ ಇಳಿಸಿಕೊಳ್ಳುತ್ತದೆ. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ವಾ, ಚಾರ್ಜ್ ತುಂಬಿಸಿ ಕೂತುಕೋ.

ನಾನು ಎಡವಿದ್ದು ಕೋಡ್ ರಿವ್ಯೂ ನಡೆಯುವ ಗೆರಿಟ್‌ನಲ್ಲಿ. ಗಿಟ್‌ಹಬ್‌ನ ಅಭ್ಯಾಸದಲ್ಲಿ ಒಂದೇ ತಿದ್ದುಪಡಿಗೆ ಮೂರು ಕಮಿಟ್ ಮಾಡಿ ಕಳಿಸಿದೆ. ಮೂರು ಬೇರೆ ಬೇರೆ ಬದಲಾವಣೆಗಳಾಗಿ ಹೋಗಿ ಕೂತವು. ಇಲ್ಲಿ ರಿವ್ಯೂ ಆದ ಮೇಲೆ ಹೊಸ ಕಮಿಟ್ ಸೇರಿಸುವುದಲ್ಲ. ಹಳೆಯ ಕಮಿಟ್ಟನ್ನೇ ಅಮೆಂಡ್ ಮಾಡಿ (ತಿದ್ದಿ) ಮತ್ತೆ ಗಿಟ್ ರಿವ್ಯೂ ಕಮಾಂಡ್ ಕೊಡಬೇಕು. ಮೆಸೇಜ್‌ನ ಕೊನೆಯಲ್ಲಿರುವ ಚೇಂಜ್ ಐಡಿಯನ್ನು ಅಳಿಸಬಾರದು. ಅದು ಹಾಗೇ ಇದ್ದರೆ ಹಳೆಯದರ ಹೊಸ ಪ್ಯಾಚ್ ಸೆಟ್ ಆಗುತ್ತದೆ. ಇದನ್ನೆಲ್ಲ ಅಭ್ಯಾಸ ಮಾಡಲು ಓಪನ್‌ಸ್ಟ್ಯಾಕ್‌ನ ಕೋಡ್ ಇರುವ ಓಪನ್‌ಡೆವ್ ಸೈಟ್‌ನಲ್ಲಿ ಸ್ಯಾಂಡ್‌ಬಾಕ್ಸ್ ಅಂತ ಒಂದು ರೆಪೊ ಉಂಟು. ಅಲ್ಲಿ ಎಷ್ಟು ತಪ್ಪು ಮಾಡಿದರೂ ಯಾರಿಗೂ ತೊಂದರೆಯಿಲ್ಲ.

ಇನ್ನೊಂದು. ಗೆರಿಟ್ 29418 ಪೋರ್ಟ್‌ನಲ್ಲಿ ಮಾತಾಡುತ್ತದೆ. ನಾನು ಓದಿದ ಕಾಲೇಜಿನಲ್ಲಿ ಅದನ್ನು ಮುಚ್ಚಿದ್ದರು. ತಪ್ಪು ನನ್ನ ಲಾಗಿನ್ ಕೀಯಲ್ಲಿದೆ ಅಂದುಕೊಂಡು ಎರಡು ದಿನ ಕಳೆದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದೇ ನಿಮಿಷಕ್ಕೆ ಹೋಯಿತು.

ತಾಳವಾಡಿಯಿಂದ

ಪೆರ್ಲದ ಅಣ್ಣ ಕಳಿಸುವ ತನಕದ್ದು ಹೇಳಿದ್ದಾರೆ. ಕಳಿಸಿದ ಮೇಲಿನದ್ದು ನಾನು ಹೇಳುತ್ತೇನೆ.

ಕಾಯಬೇಕು. ಮೊದಲು ಜುಲ್ ಅನ್ನುವ ವ್ಯವಸ್ಥೆ ಎಲ್ಲ ಟೆಸ್ಟ್ ಓಡಿಸುತ್ತದೆ. ಆಮೇಲೆ ಸಾಮಾನ್ಯವಾಗಿ ಇಬ್ಬರು ಕೋರ್ ರಿವ್ಯೂವರ್‌ಗಳು ಪ್ಲಸ್ 2, ಅಂದರೆ ಪೂರ್ತಿ ಒಪ್ಪಿಗೆ, ಕೊಡಬೇಕು. ನನ್ನದು ಐದು ವಾರ ಸುಮ್ನೆ ಕೂತಿತ್ತು. ಬೇಜಾರಾಗಿ ಬಿಟ್ಟೇ ಬಿಡುವವನಿದ್ದೆ. ಆರು ತಿಂಗಳಿಗೊಮ್ಮೆ ರಿಲೀಸ್ ಇರುತ್ತದೆ, ಅದರ ಹತ್ತಿರ ಅವರಿಗೆ ಕೈ ಬಿಡುವಿರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಓಎಫ್‌ಟಿಸಿ ಅನ್ನುವ ಚಾಟ್ ಜಾಲದ ಐಆರ್‌ಸಿ ಚಾನೆಲ್‌ನಲ್ಲಿ ಒಂದು ಸಲ ಮರ್ಯಾದೆಯಿಂದ ಕೇಳಿದೆ, ಮರುದಿನವೇ ನೋಡಿದರು.

ಟೆಸ್ಟ್ ಫೇಲ್ ಆದ ಕೂಡಲೇ 'ರೀಚೆಕ್' (ಟೆಸ್ಟ್ ಮತ್ತೆ ಓಡಿಸು) ಅಂತ ಬರೆಯಬೇಡಿ. ಲಾಗ್ ಓದಿ, ಯಾಕೆ ಬಿತ್ತು ಅಂತ ಒಂದು ಸಾಲು ಸೇರಿಸಿ ಬರೆಯಿರಿ.

ಕಾಯುವಾಗ ಬೇರೆಯವರ ಪ್ಯಾಚ್ ಓದಿ. ಪ್ಲಸ್ 1 ಯಾರು ಬೇಕಾದರೂ ಕೊಡಬಹುದು. ನಾನು ಕೋಡ್ ಬರೆದು ಕಲಿತದ್ದಕ್ಕಿಂತ ಹಾಗೆ ಓದಿ ಕಲಿತದ್ದೇ ಜಾಸ್ತಿ.

ಅಕ್ಕಲಕೋಟೆಯಿಂದ

ನನ್ನದು ಸಣ್ಣ ಮಾತು. ಬಗ್ ಪಟ್ಟಿಯಲ್ಲಿ 'ಲೋ ಹ್ಯಾಂಗಿಂಗ್ ಫ್ರೂಟ್' ಅಂತ ಗುರುತು ಹಾಕಿದ್ದು ಸುಲಭದವು. ಆದರೆ ಕೆಲವು ವರ್ಷಗಟ್ಟಲೆ ಹಳೆಯವು, ಯಾರೋ ಆಗಲೇ ಸರಿ ಮಾಡಿರುತ್ತಾರೆ. ಮೊದಲು ಈಗಿನ ಕೋಡ್‌ನಲ್ಲಿ ಇದೆಯಾ ನೋಡ್ರಿ.

ನನಗೆ ಬಗ್ ಸಿಕ್ಕಿದ್ದು ಬಳಸಿದಾಗ. ಕೋಲ್ಲಾ ಆನ್ಸಿಬಲ್ ಅನ್ನುವ ಟೂಲ್ ಓಪನ್‌ಸ್ಟ್ಯಾಕನ್ನು ಕಂಟೇನರ್‌ಗಳಲ್ಲಿ ಕೂರಿಸುತ್ತದೆ. ಒಂದೇ ಮೆಷಿನ್‌ಗೆ ಕಡಿಮೆ ಅಂದರೂ 8 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್, ಎರಡು ನೆಟ್‌ವರ್ಕ್ ಇಂಟರ್‌ಫೇಸ್ ಕೇಳುತ್ತದೆ. ಆಫೀಸಿನ ಹಳೇ ಸರ್ವರ್ ಮೇಲೆ ಅದನ್ನು ಹಾಕುವಾಗ ಗೈಡ್‌ನ ಒಂದು ಹೆಜ್ಜೆ ಬಿಟ್ಟುಹೋಗಿದ್ದು ಕಂಡಿತು. ಅದನ್ನೇ ಬರೆದು ಕಳಿಸಿದೆ. ಸುಮ್ನೆ ಲೆಕ್ಕ ಹೆಚ್ಚಿಸಲಿಕ್ಕೆ ಅಲ್ಲೊಂದು ಇಲ್ಲೊಂದು ಕಾಗುಣಿತ ತಿದ್ದಿ ಹತ್ತಾರು ಪ್ಯಾಚ್ ಮಾತ್ರ ಹಾಕಬ್ಯಾಡ್ರಿ. ನೋಡುವವರ ಸಮಯ ಹಾಳಾಗುತ್ತದೆ.

ಬದಿಯಡ್ಕದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಯಾಂಡ್‌ಬಾಕ್ಸ್‌ಗೆ ಇವತ್ತು ಕಳಿಸಿದೆ. ಹಾಸ್ಟೆಲ್ ನೆಟ್‌ನಲ್ಲಿ ಹೋಗಲಿಲ್ಲ, ಮೊಬೈಲ್‌ನಲ್ಲಿ ಹೋಯಿತು! ಎರಡು ಸಲ ಅಮೆಂಡ್ ಮಾಡಿ ನೋಡಿದೆ, ಒಂದೇ ಕಡೆ ಪ್ಯಾಚ್ ಸೆಟ್ 3 ಅಂತ ಬಂತು. ಒಂದು ಬಗ್ ನೋಡಿಟ್ಟಿದ್ದೇನೆ. ಅದರ ಮೂರು ವಾಕ್ಯ ಕನ್ನಡದಲ್ಲಿ ರಾತ್ರಿ ಇಲ್ಲೇ ಹಾಕುತ್ತೇನೆ. ಪೆರ್ಲದ ಅಣ್ಣ, ಓದಿ ಅರ್ಥ ಆಗುತ್ತದಾ ಹೇಳುತ್ತೀರಾ?