ಡೀಲರ್ ಬಳಿ ಕೊಂಡ ಮೋಟಾರ್ ಹೋಮ್‌ಗೆ ಇನ್ನೂ ಟೈಟಲ್ ಬಂದಿಲ್ಲ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಾವು 78 ದಿನಗಳ ಹಿಂದೆ ಇಲ್ಲಿಯ ಒಬ್ಬ ಡೀಲರ್ ಬಳಿ ಬಳಸಿದ ಕ್ಲಾಸ್ ಸಿ (ಮಧ್ಯಮ ಗಾತ್ರದ) ಮೋಟಾರ್ ಹೋಮ್, ಅಂದರೆ ಒಳಗೆ ವಾಸಿಸಬಹುದಾದ ಗಾಡಿ, ಕೊಂಡೆವು. ಸ್ವಲ್ಪ ಹಣ ಕೈಯಿಂದ ಕೊಟ್ಟು, ಉಳಿದದ್ದಕ್ಕೆ ಕ್ರೆಡಿಟ್ ಯೂನಿಯನ್‌ನಲ್ಲಿ (ಸಹಕಾರಿ ಬ್ಯಾಂಕಿನಂಥದ್ದು) ಸಾಲ ಮಾಡಿದ್ದೇವೆ. ಎರಡು ಕಂತು ಕಟ್ಟಿಯೂ ಆಯಿತು. ಆದರೆ ಇಂದಿನವರೆಗೆ ಟೈಟಲ್ (ಒಡೆತನದ ಪತ್ರ) ಆಗಲಿ, ನಂಬರ್ ಪ್ಲೇಟ್ ಆಗಲಿ ಬಂದಿಲ್ಲ. ಡೀಲರ್ ಹಾಕಿಕೊಟ್ಟ ಕಾಗದದ ತಾತ್ಕಾಲಿಕ ಪ್ಲೇಟಿನ 90 ದಿನಗಳ ಅವಧಿ ಮುಗಿಯಲು ಇನ್ನು 12 ದಿನ ಮಾತ್ರ ಇದೆ. ಕರೆ ಮಾಡಿದಾಗಲೆಲ್ಲ ‘ಮುಂದಿನ ವಾರ ಬರುತ್ತದೆ’ ಎನ್ನುತ್ತಾರೆ. ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಯೊಸೆಮಿಟಿಗೆ ಕರೆದುಕೊಂಡು ಹೋಗಬೇಕೆಂದೇ ಕೊಂಡ ಗಾಡಿ ಇದು. ನಾವು ಈಗ ಯಾರನ್ನು ಕೇಳಬೇಕು? ಕಾಗದ ಬರುವವರೆಗೆ ಕಂತು ಕಟ್ಟುವುದನ್ನು ನಿಲ್ಲಿಸಬಹುದೇ?

ಉತ್ತರ: ಸ್ಯಾಕ್ರಮೆಂಟೊದಿಂದ

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ಮಾಡಿದರೆ ಸರಿಪಡಿಸುವುದು ಕಷ್ಟ. ದಯವಿಟ್ಟು ಕಂತು ನಿಲ್ಲಿಸಬೇಡಿ. ಡೀಲರ್‌ಗೆ ಸಲ್ಲಬೇಕಾದ ಹಣ ಎಂದೋ ಸಂದಾಯವಾಗಿದೆ. ನೀವು ಕಂತು ತಪ್ಪಿಸಿದರೆ ಅವರಿಗೆ ಏನೂ ಆಗುವುದಿಲ್ಲ, ನಿಮ್ಮ ಕ್ರೆಡಿಟ್ ದಾಖಲೆ ಕೆಡುತ್ತದೆ, ಗಾಡಿಯನ್ನು ವಶಪಡಿಸಿಕೊಳ್ಳಲು ಸಾಲ ಕೊಟ್ಟವರಿಗೆ ಕಾರಣವೂ ಸಿಕ್ಕಂತಾಗುತ್ತದೆ.

ಇನ್ನು ಟೈಟಲ್ ಮತ್ತು ಪ್ಲೇಟಿನ ವಿಚಾರ. ಕರ್ನಾಟಕದಲ್ಲಿ ಗಾಡಿಗೆ ಆರ್‌ಸಿ ಒಂದೇ ದಾಖಲೆ. ಮಾಲೀಕರ ಹೆಸರು, ನೋಂದಣಿ ಸಂಖ್ಯೆ, ಸಾಲವಿದ್ದರೆ ಬ್ಯಾಂಕಿನ ಹೈಪಾಥಿಕೇಶನ್, ಎಲ್ಲವೂ ಅದರಲ್ಲೇ ಇರುತ್ತವೆ. ಇಲ್ಲಿ ಒಡೆತನವನ್ನು ಹೇಳುವ ಟೈಟಲ್ ಬೇರೆ, ರಸ್ತೆಯ ಮೇಲೆ ಓಡಿಸಲು ಬೇಕಾದ ನೋಂದಣಿ ಬೇರೆ. ಜಮೀನಿಗೆ ಹೋಲಿಸುವುದಾದರೆ ನಿಮಗೆ ಸ್ವಾಧೀನ ಸಿಕ್ಕಿದೆ, ಕ್ರಯಪತ್ರ ಆಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಲವಿರುವ ಗಾಡಿಯ ಟೈಟಲ್‌ನಲ್ಲಿ ಎರಡು ಬಗೆಯ ಮಾಲೀಕರು ದಾಖಲಾಗುತ್ತಾರೆ: ನೀವು ನೋಂದಾಯಿತ ಮಾಲೀಕರು, ಸಾಲ ಕೊಟ್ಟ ಸಂಸ್ಥೆ ಕಾನೂನುಬದ್ಧ ಮಾಲೀಕ. ಸಾಲ ತೀರುವವರೆಗೆ ಟೈಟಲ್ ಆ ಸಂಸ್ಥೆಯ ಬಳಿಯೇ, ಹಲವು ಸಲ ಎಲೆಕ್ಟ್ರಾನಿಕ್ ರೂಪದಲ್ಲಿ, ಉಳಿಯುತ್ತದೆ. ಆದ್ದರಿಂದ ಟೈಟಲ್ ನಿಮ್ಮ ಮನೆಗೆ ಬಂದಿಲ್ಲವೆಂದು ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದದ್ದು ನೋಂದಣಿ ಚೀಟಿ ಮತ್ತು ಪ್ಲೇಟು ಬಾರದಿರುವುದಕ್ಕೆ. ಬಳಸಿದ ಗಾಡಿ ಮಾರಿದ ಡೀಲರ್ 30 ದಿನಗಳೊಳಗೆ, ಹೊಸ ಗಾಡಿಯಾದರೆ 20 ದಿನಗಳೊಳಗೆ, ಅರ್ಜಿ ಮತ್ತು ಶುಲ್ಕವನ್ನು ಡಿಎಂವಿಗೆ (ನಮ್ಮ ಆರ್‌ಟಿಒದಂಥ ಇಲ್ಲಿಯ ಇಲಾಖೆ) ಸಲ್ಲಿಸಬೇಕೆಂಬುದು ಇಲ್ಲಿಯ ನಿಯಮ. 78 ದಿನ ಎಂದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ.

ಎಲ್ಲಿ ಸಿಕ್ಕಿಕೊಂಡಿರಬಹುದು ಎಂಬುದನ್ನು ನಮ್ಮ ಅನುಭವದಿಂದಲೇ ಹೇಳುತ್ತೇನೆ. ನಾಲ್ಕು ವರ್ಷಗಳ ಹಿಂದೆ ನಾವೂ ಹೀಗೆಯೇ ಬಳಸಿದ ಮೋಟಾರ್ ಹೋಮ್ ಕೊಂಡಿದ್ದೆವು. ಅದರ ಹಿಂದಿನ ಮಾಲೀಕರು ಅದನ್ನು ಡೀಲರ್‌ಗೆ ಕೊಟ್ಟು, ವ್ಯತ್ಯಾಸದ ಹಣ ಕಟ್ಟಿ ದೊಡ್ಡ ಗಾಡಿ ಒಯ್ದಿದ್ದರು. ಹಳೆಯ ಗಾಡಿಯ ಮೇಲೆ ಇನ್ನೂ ಸಾಲ ಬಾಕಿ ಇತ್ತು. ಹಾಗೆ ತೆಗೆದುಕೊಂಡ ಗಾಡಿಯ ಸಾಲವನ್ನು ಡೀಲರ್ 21 ದಿನಗಳೊಳಗೆ ತೀರಿಸಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ನಮ್ಮ ಡೀಲರ್ ತೀರಿಸಿರಲಿಲ್ಲ. ನಾವು ಕೊಟ್ಟ ಹಣ ಅವರ ಬೇರೆ ಯಾವುದೋ ಬಾಕಿಗೆ ಹೋಗಿತ್ತು, ಹಳೆಯ ಬ್ಯಾಂಕು ಟೈಟಲ್ ಬಿಟ್ಟುಕೊಟ್ಟಿರಲಿಲ್ಲ. ಬಹಳಷ್ಟು ಡೀಲರ್‌ಗಳು ಅಂಗಳದಲ್ಲಿ ನಿಲ್ಲಿಸುವ ಗಾಡಿಗಳನ್ನೂ ಸಾಲದ ಹಣದಿಂದಲೇ ತಂದಿರುತ್ತಾರೆ. ಇದನ್ನು ಇಲ್ಲಿ ಫ್ಲೋರ್ ಪ್ಲಾನ್ ಎನ್ನುತ್ತಾರೆ. ಗಾಡಿ ಮಾರಾಟವಾದ ಕೂಡಲೇ ಆ ಗಾಡಿಯ ಸಾಲವನ್ನು ತೀರಿಸಿ ಕಾಗದ ಬಿಡಿಸಿಕೊಳ್ಳಬೇಕು. ವ್ಯಾಪಾರ ಕುಸಿದಾಗ ಇಂದಿನ ಗಿರಾಕಿಯ ಹಣದಿಂದ ನಿನ್ನೆಯ ಗಿರಾಕಿಯ ಬಾಕಿ ತೀರಿಸುವುದು ಆರಂಭವಾಗುತ್ತದೆ. ಹಾಗಾದಾಗ ಕೊನೆಗೆ ಕೊಂಡವರ ಕಾಗದ ನಿಂತುಬಿಡುತ್ತದೆ, ಮತ್ತು ಅವರಿಗೆ ಸಿಗುವ ಉತ್ತರವೂ ‘ಮುಂದಿನ ವಾರ’ ಎಂಬುದೇ ಆಗಿರುತ್ತದೆ. ನಾವು ಆ ಮಾತನ್ನು ನಂಬಿ ಮೂರು ತಿಂಗಳು ಕಳೆದೆವು. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ, ಆದ್ದರಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನಮಗೆ ಫಲ ಕೊಟ್ಟದ್ದು ಇವು. ಮೊದಲು ಗಾಡಿಯ ಗುರುತಾದ 17 ಅಕ್ಷರಗಳ ವಿಐಎನ್ ಸಂಖ್ಯೆ ಮತ್ತು ಖರೀದಿ ಕರಾರನ್ನು ಹಿಡಿದು ಡಿಎಂವಿ ಕಚೇರಿಗೆ ನಾವೇ ಹೋಗಿ, ಡೀಲರ್ ಅರ್ಜಿ ಸಲ್ಲಿಸಿದ್ದಾರೆಯೇ, ಸಲ್ಲಿಸಿದ್ದರೆ ಯಾವ ಕೊರತೆಯಿಂದ ನಿಂತಿದೆ ಎಂದು ಕೇಳಿದೆವು. ಡೀಲರ್ ಬಾಯಿಂದ ಮೂರು ತಿಂಗಳಲ್ಲಿ ಬಾರದ ಮಾತು ಅಲ್ಲಿ ಹತ್ತು ನಿಮಿಷದಲ್ಲಿ ಬಂತು. ಪ್ಲೇಟಿನ ಅವಧಿ ಮುಗಿಯುವ ಮೊದಲೇ ಹೋದರೆ ತಾತ್ಕಾಲಿಕ ಸಂಚಾರ ಪರವಾನಗಿ ಸಿಗುವುದೇ ಎಂದು ಕೂಡ ಅಲ್ಲಿಯೇ ಕೇಳಬಹುದು. ಎರಡನೆಯದಾಗಿ ಕ್ರೆಡಿಟ್ ಯೂನಿಯನ್‌ನಲ್ಲಿ ಟೈಟಲ್ ನೋಡಿಕೊಳ್ಳುವ ವಿಭಾಗಕ್ಕೆ ಬರೆದೆವು. ಟೈಟಲ್‌ನಲ್ಲಿ ತಮ್ಮ ಹೆಸರು ಏರದಿದ್ದರೆ ಅವರು ಕೊಟ್ಟ ಸಾಲಕ್ಕೆ ಭದ್ರತೆಯೇ ಇಲ್ಲದಂತಾಗುತ್ತದೆ, ಹಾಗಾಗಿ ಅವರ ಆತಂಕ ನಿಮ್ಮ ಆತಂಕಕ್ಕಿಂತ ಕಡಿಮೆಯದಲ್ಲ. ಅವರ ಒಂದು ಕರೆಗೆ ಡೀಲರ್ ಕೊಟ್ಟ ಗಮನ ನಮ್ಮ ಇಪ್ಪತ್ತು ಕರೆಗಳಿಗೆ ಸಿಕ್ಕಿರಲಿಲ್ಲ. ಮೂರನೆಯದಾಗಿ, ದೂರವಾಣಿಯ ಮಾತು ಸಾಕು ಮಾಡಿ, ಹತ್ತು ದಿನಗಳ ಗಡುವು ಕೊಟ್ಟು ಸರ್ಟಿಫೈಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆವು. ಗಡುವು ಮುಗಿದ ಮರುದಿನವೇ ಡಿಎಂವಿಯ ತನಿಖಾ ವಿಭಾಗಕ್ಕೆ ಲಿಖಿತ ದೂರು ಕೊಟ್ಟೆವು. ಡೀಲರ್‌ನ ಪರವಾನಗಿ ಡಿಎಂವಿಯ ಕೈಯಲ್ಲಿರುವುದರಿಂದ ಆ ದೂರಿಗೆ ತೂಕವಿದೆ. ಒಟ್ಟು ಐದು ತಿಂಗಳಿಗೆ ನಮ್ಮ ಪ್ಲೇಟು ಬಂತು.

ಡೀಲರ್ ಬಾಗಿಲು ಮುಚ್ಚುವ ಸೂಚನೆ ಕಂಡರೆ ಒಂದು ದಿನವೂ ತಡ ಮಾಡಬೇಡಿ. ಇಲ್ಲಿ ಗಿರಾಕಿಗಳಿಗೆ ಮಾರುವ ಡೀಲರ್ 50,000 ಡಾಲರ್‌ಗಳ ಭದ್ರತಾ ಬಾಂಡ್ ಇಟ್ಟಿರಬೇಕು, ಆದರೆ ಮೋಸ ಹೋದವರೆಲ್ಲರಿಗೂ ಸೇರಿ ಇರುವುದು ಅದೊಂದೇ ಮೊತ್ತ. ಒಂದು ಮೋಟಾರ್ ಹೋಮ್‌ನ ಬೆಲೆಯೇ ಅದಕ್ಕಿಂತ ಹೆಚ್ಚಿರಬಹುದು. ಸಣ್ಣ ಮೊತ್ತದ ನಷ್ಟಕ್ಕಾದರೆ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯವಿದೆ. 2024ರಿಂದ ಅಲ್ಲಿ ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು. ಸಾಲವನ್ನು ಡೀಲರ್ ಮೂಲಕವೇ ಮಾಡಿಸಿದ್ದರೆ ಕರಾರಿನಲ್ಲಿ ದಪ್ಪಕ್ಷರದ ಒಂದು ಷರತ್ತು ಅಚ್ಚಾಗಿದೆಯೇ ನೋಡಿ: ಡೀಲರ್ ವಿರುದ್ಧ ನಿಮಗಿರುವ ತಕರಾರುಗಳನ್ನು ಆ ಸಾಲಪತ್ರವನ್ನು ಹೊಂದಿರುವವರ ಮುಂದೆಯೂ, ನೀವು ಕಟ್ಟಿದ ಮೊತ್ತದ ಮಿತಿಯಲ್ಲಿ, ಎತ್ತಬಹುದು ಎಂಬರ್ಥದ ಷರತ್ತು ಅದು. 1976ರಿಂದ ಜಾರಿಯಲ್ಲಿರುವ ಫೆಡರಲ್ ಟ್ರೇಡ್ ಕಮಿಷನ್ ನಿಯಮದಿಂದ ಬಂದದ್ದು. ಅದಿದ್ದರೆ ವಕೀಲರ ಬಳಿ ಹೋಗುವಾಗ ಆ ಪುಟವನ್ನು ಮೊದಲು ತೋರಿಸಿ.

ಉತ್ತರ: ಫೀನಿಕ್ಸ್‌ನಿಂದ

ನಮ್ಮದು ಹೊಸ ಕ್ಲಾಸ್ ಎ (ಬಸ್ಸಿನಂಥ ದೊಡ್ಡ) ಗಾಡಿ. ಡೀಲರ್ ಪ್ರಾಮಾಣಿಕರೇ ಆಗಿದ್ದರು, ಆದರೂ ಏಳು ವಾರ ತಡವಾಯಿತು. ಕಾರಣ ಮೋಟಾರ್ ಹೋಮ್‌ಗೆ ಮಾತ್ರ ಇರುವಂಥದ್ದಾದ್ದರಿಂದ ಬರೆಯುತ್ತಿದ್ದೇನೆ. ಇಂಜಿನ್ ಸಹಿತವಾದ ಚಾಸಿಯನ್ನು ಒಂದು ಕಂಪನಿ ಮಾಡುತ್ತದೆ, ಅದರ ಮೇಲೆ ಮನೆ ಕಟ್ಟುವುದು ಇನ್ನೊಂದು ಕಂಪನಿ. ಇಬ್ಬರ ಮೂಲಪತ್ರಗಳೂ ಬೇರೆ ಬೇರೆ. ಚಾಸಿ 2022ರ ಮಾದರಿಯಾಗಿದ್ದು, ಮೇಲಿನ ಕೋಚ್ 2023ರದ್ದೆಂದು ಮಾರಾಟವಾಗುವುದು ಸಾಮಾನ್ಯ. ನಮ್ಮ ಖರೀದಿ ಕರಾರು, ಸಾಲ, ವಿಮೆ ಮೂರರಲ್ಲೂ 2023 ಎಂದಿತ್ತು, ವಿಐಎನ್ ಮಾತ್ರ 2022 ಎನ್ನುತ್ತಿತ್ತು. ಅರ್ಜಿ ತಿರುಗಿ ಬಂತು. ವಿಐಎನ್‌ನ ಹತ್ತನೆಯ ಅಕ್ಷರ ಮಾದರಿಯ ವರ್ಷವನ್ನು ಹೇಳುತ್ತದೆ: ಎನ್ ಎಂದರೆ 2022, ಪಿ ಎಂದರೆ 2023, ಆರ್ ಎಂದರೆ 2024. ಓ ಮತ್ತು ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ನಿಮ್ಮ ಎಲ್ಲ ಕಾಗದಗಳಲ್ಲಿ ವರ್ಷ ಒಂದೇ ಇದೆಯೇ ಎಂದು ಇಂದೇ ಹೋಲಿಸಿ ನೋಡಿ. ವಿಮೆಯ ಕಾಗದವನ್ನೂ ಮರೆಯಬೇಡಿ. ಅಪಘಾತವಾಗಿ ಗಾಡಿ ಪೂರ್ತಿ ಹಾಳಾದರೆ ವಿಮಾ ಕಂಪನಿ ಪರಿಹಾರ ಕೊಡುವ ಮುನ್ನ ಕೇಳುವುದು ಟೈಟಲ್ ಅನ್ನೇ.

ಉತ್ತರ: ಸನ್ನಿವೇಲ್‌ನಿಂದ

ನಮ್ಮ ಕಡೆಯವರಿಗೆ ಬರುವ ತೊಂದರೆಯೊಂದನ್ನು ಸೇರಿಸುತ್ತೇನೆ. ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದಿತ್ತು. ಡ್ರೈವಿಂಗ್ ಲೈಸೆನ್ಸಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆಯಲಾಗಿತ್ತು, ಸಾಲದ ಕಾಗದದಲ್ಲಿ ಬರೀ ಇನಿಷಿಯಲ್ ಇತ್ತು. ಡೀಲರ್ ಕಚೇರಿಯ ಗುಮಾಸ್ತೆ ತನಗೆ ತೋಚಿದಂತೆ ಬರೆದುಕೊಂಡು ಕಳುಹಿಸಿದ್ದರು. ಎಲ್ಲ ಕಾಗದಗಳಲ್ಲೂ ಲೈಸೆನ್ಸಿನಲ್ಲಿ ಇರುವಂತೆಯೇ ಅಕ್ಷರ ತಪ್ಪದೆ ಬರೆಸಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಳ್ಳುವಾಗ ಎರಡು ಹೆಸರುಗಳ ನಡುವೆ ‘ಮತ್ತು’ ಎಂದಿದೆಯೋ ‘ಅಥವಾ’ ಎಂದಿದೆಯೋ ಅದನ್ನೂ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ‘ಮತ್ತು’ ಎಂದಿದ್ದರೆ ಮುಂದೆ ಮಾರುವಾಗ ಇಬ್ಬರೂ ಸಹಿ ಹಾಕಬೇಕು. ‘ಅಥವಾ’ ಎಂದಿದ್ದರೆ ಒಬ್ಬರ ಸಹಿ ಸಾಕು. ನಮ್ಮವರು ಬೆಂಗಳೂರಿಗೆ ಹೋಗಿದ್ದಾಗ ಒಳ್ಳೆಯ ಬೆಲೆಗೆ ಬಂದ ಗಿರಾಕಿಯನ್ನು ನಾನು ಕಾಯಿಸಲಾಗದೆ ಕಳೆದುಕೊಂಡದ್ದು ಆ ಒಂದು ಪದದಿಂದ.

ಉತ್ತರ: ಫಾಲ್ಸಮ್‌ನಿಂದ

ಪ್ರಶ್ನೆ ಕೇಳಿದವರಿಗೆ ಇದು ಅನ್ವಯಿಸದಿದ್ದರೂ ಮುಂದೆ ಕೊಳ್ಳುವವರು ಓದುತ್ತಾರೆಂದು ಬರೆಯುತ್ತೇನೆ. ನೆವಾಡಾದಲ್ಲಿ ಬೆಲೆ ಕಡಿಮೆಯೆಂದು ನಾವು ಅಲ್ಲಿಯ ಡೀಲರ್ ಬಳಿ ಹೆಚ್ಚುಕಡಿಮೆ ಹೊಸದಾಗಿಯೇ ಇದ್ದ ಮೋಟಾರ್ ಹೋಮ್ ನೋಡಿ ಮುಂಗಡ ಕೊಟ್ಟಿದ್ದೆವು. ಕ್ಯಾಲಿಫೋರ್ನಿಯಾದ ಹೊಗೆ ನಿಯಮಗಳಿಗೆ ಪ್ರಮಾಣೀಕೃತವಾಗಿಲ್ಲದ ಗಾಡಿ 7,500 ಮೈಲಿಗಿಂತ ಕಡಿಮೆ ಓಡಿದ್ದರೆ, ಇಲ್ಲಿಯ ನಿವಾಸಿಗಳು ಅದನ್ನು ಕೊಂಡು ತಂದು ಇಲ್ಲಿ ನೋಂದಾಯಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಇಂಜಿನ್ ಮೇಲಿನ ಹೊಗೆ ನಿಯಂತ್ರಣದ ಚೀಟಿ ಓದಿದ ಮೇಲೆಯೇ ನಮಗೆ ಇದು ತಿಳಿಯಿತು. ಮುಂಗಡದಲ್ಲಿ ಅರ್ಧ ಮಾತ್ರ ಮರಳಿತು. ಎಳೆದುಕೊಂಡು ಹೋಗುವ ಟ್ರೈಲರ್‌ಗೆ ಇಂಜಿನ್ ಇಲ್ಲದ ಕಾರಣ ಈ ತೊಡಕು ಇಲ್ಲ. ಮಾಂಟಾನಾದಲ್ಲಿ ಕಂಪನಿ ತೆರೆದು ಅದರ ಹೆಸರಿನಲ್ಲಿ ಕೊಂಡರೆ ಮಾರಾಟ ತೆರಿಗೆಯೇ ಇಲ್ಲ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಾಸವಿದ್ದು, ಗಾಡಿಯನ್ನು ಇಲ್ಲಿಯೇ ಇಟ್ಟುಕೊಂಡು ಹಾಗೆ ಮಾಡಿದರೆ ಅದು ತೆರಿಗೆ ವಂಚನೆ. ವೀಸಾದ ಮೇಲಿರುವವರು ಅದರ ಹತ್ತಿರವೂ ಸುಳಿಯಬಾರದು.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ

ಇಷ್ಟು ವಿವರವಾಗಿ ಬರೆದ ನಿಮಗೆಲ್ಲ ಕೃತಜ್ಞತೆಗಳು. ಸೋಮವಾರ ಡಿಎಂವಿಗೆ ಹೋಗಿದ್ದೆವು. ಡೀಲರ್ ಅರ್ಜಿ ಸಲ್ಲಿಸಿದ್ದಾರೆ, ಆದರೆ ಹಿಂದಿನ ಮಾಲೀಕರ ಸಾಲ ತೀರಿದೆ ಎಂಬ ಬಿಡುಗಡೆ ಪತ್ರ, ನಮ್ಮ ಊರಿನ ಎನ್‌ಒಸಿಯಂಥದ್ದು, ಲಗತ್ತಿಸಿಲ್ಲದ ಕಾರಣ ಅದು ಕೊರತೆಯ ಟಿಪ್ಪಣಿಯೊಂದಿಗೆ ಮರಳಿದೆ. ಸ್ಯಾಕ್ರಮೆಂಟೊದ ಹಿರಿಯರು ಹೇಳಿದ್ದು ಅಕ್ಷರಶಃ ನಿಜವಾಯಿತು. ಕ್ರೆಡಿಟ್ ಯೂನಿಯನ್‌ನವರು ಮರುದಿನವೇ ಡೀಲರ್‌ಗೆ ಕರೆ ಮಾಡಿದ್ದಾರೆ. ಗಡುವಿನ ಪತ್ರವನ್ನು ನಿನ್ನೆ ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಿದ್ದೇವೆ. ವಿಐಎನ್‌ನ ವರ್ಷ ಎಲ್ಲ ಕಾಗದಗಳಲ್ಲೂ ಸರಿಯಾಗಿದೆ, ಆದರೆ ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುವುದು ಸಿಕ್ಕಿತು. ಅದನ್ನೂ ಪತ್ರದಲ್ಲಿ ಬರೆದಿದ್ದೇವೆ. ಮೂರನೆಯ ಕಂತು ಕಟ್ಟಿದ್ದೇವೆ. ಗಾಡಿಯನ್ನು ರಸ್ತೆ ಬದಿಯಿಂದ ತೆಗೆದು ಸ್ನೇಹಿತರ ಮನೆಯ ಹಿತ್ತಲಲ್ಲಿ ನಿಲ್ಲಿಸಿದ್ದೇವೆ, ಅಪ್ಪ ಅಮ್ಮನನ್ನು ಶನಿವಾರ ಕಾರಿನಲ್ಲೇ ಯೊಸೆಮಿಟಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಗಡುವು ಮುಗಿದ ದಿನ ಏನಾಯಿತೆಂದು ಮತ್ತೆ ಬರೆಯುತ್ತೇನೆ.