ಹಳೇ ಸ್ನೋಬೋರ್ಡ್ ಸೀಳಿ ಸ್ಪ್ಲಿಟ್‌ಬೋರ್ಡ್ ಮಾಡುವುದು: ಮಾಡಿದವರು ಹೇಳಿ

ಪ್ರಶ್ನೆ: 162 ಸೆಂ.ಮೀ. ಉದ್ದದ, ಮರದ ತಿರುಳಿನ ಹಳೇ ಬೋರ್ಡ್ ಇದೆ. ಹತ್ತುವಾಗ ಎರಡು ಸ್ಕೀ, ಇಳಿಯುವಾಗ ಒಂದೇ ಬೋರ್ಡ್ ಆಗಬೇಕು. ಸೀಳುವುದು ಹೇಗೆ? ಎಲ್ಲೆಲ್ಲಿ ಕೆಡುತ್ತದೆ? (ಉತ್ತರಿಸಿದವರು: ಹಿಮದಾರಿ, ಗರಗಸ, ಅಂಟುಗಾರ ಎಂಬ ಹೆಸರಿನ ಸದಸ್ಯರು.)

ಹಿಮದಾರಿ: ಮೊದಲು ಬೋರ್ಡ್ ಸೀಳಲು ತಕ್ಕದ್ದೇ ನೋಡಿ. ಬರ್ಟನ್ ಕಂಪನಿಯವರ ಚಾನೆಲ್ (ಬೈಂಡಿಂಗ್, ಅಂದರೆ ಬೂಟು ಹಿಡಿಯುವ ಭಾಗ, ಬಿಗಿಯುವ ಉದ್ದ ತೋಡು) ಇರುವ ಬೋರ್ಡ್ ಆದರೆ ಕೈಬಿಡಿ. ಗರಗಸ ಹೋಗಬೇಕಾದ ನಡುಗೆರೆಯಲ್ಲೇ ಆ ಚಾನೆಲ್ ಇರುತ್ತದೆ. 4 ಸೆಂ.ಮೀ. ಅಂತರದ ಎರಡು ಸಾಲು ಇನ್ಸರ್ಟ್ (ಬೈಂಡಿಂಗ್ ಸ್ಕ್ರೂ ಕೂರುವ ಲೋಹದ ತೂತು) ಇದ್ದರೆ ತೊಂದರೆಯಿಲ್ಲ, ಗೆರೆ ನಡುವೆ ಹಾಯುತ್ತದೆ. ಪದರ ಬಿಟ್ಟ ಬೋರ್ಡೂ ಬೇಡ, ಮೆತ್ತಗೆ ಬಾಗುವುದೂ ಬೇಡ. ಸೀಳಿದ ಮೇಲೆ ತಿರುಚಿಕೊಳ್ಳುವುದು ಇನ್ನೂ ಹೆಚ್ಚುತ್ತದೆ.

ಗರಗಸ: ಅರ್ಧ ಕೆಲಸ ಗೆರೆಯಲ್ಲೇ ಇದೆ. ಮೂತಿ, ಬಾಲ, ಸೊಂಟ ಸೇರಿ ಏಳೆಂಟು ಕಡೆ ಅಗಲ ಅಳೆದು ಮಧ್ಯಬಿಂದು ಗುರುತಿಸಿ, ಬೋರ್ಡನ್ನು ಮೇಜಿಗೆ ಒತ್ತಿ ಚಪ್ಪಟೆ ಮಾಡಿ ಗೆರೆ ಎಳೆಯಿರಿ. ಬಿಂದುಗಳು ಒಂದೇ ಸಾಲಿಗೆ ಬರದಿದ್ದರೆ ಮತ್ತೆ ಅಳೆಯಿರಿ. ಮೂತಿ, ಬಾಲದ ಉಕ್ಕಿನ ಅಂಚನ್ನು ಮೊದಲೇ ಹ್ಯಾಕ್ಸಾದಿಂದ (ಲೋಹ ಕೊಯ್ಯುವ ಕೈಗರಗಸ) ಕತ್ತರಿಸಿ. ಇಲ್ಲದಿದ್ದರೆ ಬ್ಲೇಡಿನ ಹಲ್ಲು ಹಾರುತ್ತದೆ.

ಸರ್ಕ್ಯುಲರ್ ಗರಗಸಕ್ಕೆ 40ಕ್ಕಿಂತ ಹೆಚ್ಚು ಹಲ್ಲಿನ ತೆಳು ಬ್ಲೇಡ್ ಹಾಕಿ. ಬೋರ್ಡಿನ ತಳ ಮೇಲಕ್ಕಿರಲಿ. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಕೆಳಗಿರುವ ಅಲಂಕಾರದ ಪದರ (ಬೋರ್ಡಿನ ಮೇಲ್ಮೈ) ಸಿಬಿರೇಳುವುದಿಲ್ಲ. ಬ್ಲೇಡ್ ಬೋರ್ಡಿನ ದಪ್ಪಕ್ಕಿಂತ 2–3 ಮಿ.ಮೀ. ಮಾತ್ರ ಹೊರಬರಲಿ. ನೇರ ಪಟ್ಟಿಯೊಂದನ್ನು ಕ್ಲ್ಯಾಂಪಿನಿಂದ ಬಿಗಿದು ಅದಕ್ಕೆ ಆನಿಸಿಕೊಂಡೇ ಗರಗಸ ತಳ್ಳಿ, ನಡುವೆ ನಿಲ್ಲಿಸಬೇಡಿ. ನಿಂತಲ್ಲಿ ತಳದ ಪ್ಲಾಸ್ಟಿಕ್ ಕರಗುತ್ತದೆ. ಮೇಲೆದ್ದ ಮೂತಿಯ ಹತ್ತಿರ ಗರಗಸ ಸರಿಯಾಗಿ ಕೂರುವುದಿಲ್ಲ, ಅಲ್ಲಿ ಕೈಗರಗಸವೇ ಸರಿ. ಫೈಬರ್ ಗ್ಲಾಸ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕನ್ನಡಕ ಇಲ್ಲದೆ ಶುರು ಮಾಡಲೇಬೇಡಿ.

ಅಂಟುಗಾರ: ಕೊಯ್ದ ಬದಿಯಲ್ಲಿ ಮರ ಬರಿದಾಗಿರುತ್ತದೆ. ಕರಗಿದ ಹಿಮ ಒಳಗೆ ಹೋದರೆ ಮರ ಉಬ್ಬಿ, ಪದರ ಬಿಡುತ್ತದೆ. ಸಿಬಿರು ಹೋಗುವಷ್ಟೇ ಲಘುವಾಗಿ ಉಜ್ಜಿ (ಜಾಸ್ತಿ ಉಜ್ಜಿದರೆ ಎರಡು ಭಾಗಗಳ ನಡುವೆ ಸಂದು ಬೀಳುತ್ತದೆ), ತೆಳು ಎಪಾಕ್ಸಿ ಅಂಟು ಎರಡು ಕೋಟ್ ಹಚ್ಚಿ. ಮೊದಲನೆಯದನ್ನು ಮರ ಹೀರಿಕೊಳ್ಳುತ್ತದೆ, ಎರಡನೆಯದೇ ನಿಜವಾದ ಮುಚ್ಚಳ. ಮುಂದೆ ಕೊರೆಯುವ ಪ್ರತಿ ತೂತಿನ ಒಳಗೋಡೆಗೂ ಎಪಾಕ್ಸಿ ತಾಗಬೇಕು. ಇದನ್ನೇ ಬಹಳ ಜನ ಮರೆಯುವುದು.

ಹಿಮದಾರಿ: ಬಿಡಿಭಾಗ ಸ್ವಂತ ಮಾಡಲು ಹೋಗಬೇಡಿ. ಅಮೆರಿಕದ ವೊಯ್ಲೆ ಕಂಪನಿಯ ಕಿಟ್‌ನಲ್ಲಿ ಪಕ್ (ಇಳಿಯುವಾಗ ಬೈಂಡಿಂಗ್ ಸರಿಸಿ ಕೂರಿಸುವ ಬಿಲ್ಲೆ), ನಡಿಗೆಯ ಬ್ರಾಕೆಟ್ (ಹತ್ತುವಾಗ ಬೈಂಡಿಂಗಿನ ಮುಂತುದಿ ಕೂರುವ ಕೀಲು), ಹಿಮ್ಮಡಿ ಎತ್ತರಿಸುವ ತಂತಿ, ಎರಡು ಭಾಗ ಎಳೆದು ಹಿಡಿಯುವ ಕೊಕ್ಕೆ, ಮೂತಿ-ಬಾಲದ ಕ್ಲಿಪ್, ಸ್ಕ್ರೂ ಎಲ್ಲ ಬರುತ್ತದೆ. ಜೋಡಿಸುವ ಕ್ರಮ ಮುಖ್ಯ: ಎರಡೂ ಭಾಗ ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದು ಮೊದಲು ಕ್ಲಿಪ್, ಆಮೇಲೆ ಕೊಕ್ಕೆ, ಕೊನೆಗೆ ಪಕ್. ಪಕ್ ಮೊದಲು ಹಾಕಿದರೆ ಕೊಕ್ಕೆ ಎಳೆದಾಗ ಅವು ಒಂದು ಸಾಲಿನಿಂದ ಜರುಗಿ, ಬೈಂಡಿಂಗ್ ಒಳಗೆ ಸರಿಯುವುದೇ ಇಲ್ಲ. ತಳದಿಂದ ಬರುವ ಸ್ಕ್ರೂ ತಲೆ ಸಮಮಟ್ಟ ಆದರೆ ಸಾಕು. ಆಳಕ್ಕೆ ಕೊರೆದರೆ ಹಿಡಿಯಲು ತಿರುಳೇ ಉಳಿಯುವುದಿಲ್ಲ. ಸ್ಕ್ರೂಗೆ ಮಧ್ಯಮ ಬಲದ ಥ್ರೆಡ್‌ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಹಳೇ ಇನ್ಸರ್ಟ್ ತೂತುಗಳನ್ನೂ ಮುಚ್ಚಿ.

ಗರಗಸ: ಇನ್ನೊಂದು ಮಾತು. ಒಳಬದಿಗೆ ಉಕ್ಕಿನ ಅಂಚು ಇರುವುದಿಲ್ಲ. ಗಟ್ಟಿ ಹಿಮದ ಇಳಿಜಾರಿನಲ್ಲಿ ಅಡ್ಡ ನಡೆದರೆ ಒಂದು ಕಾಲು ಯಾವಾಗಲೂ ಆ ಬರಿ ಅಂಚಿನ ಮೇಲೇ ಇರುತ್ತದೆ, ಜಾರುತ್ತದೆ. ಬ್ರಾಕೆಟ್‌ಗೆ ಹೊಂದುವ ಕ್ರಾಂಪಾನ್ (ಹಿಮಕ್ಕೆ ಕಚ್ಚುವ ಲೋಹದ ಹಲ್ಲು) ಜೊತೆಗಿರಲಿ. ಮೊದಲ ಸಲ ಸ್ಕೀ ರೆಸಾರ್ಟ್‌ನ ಒಳಗೇ ಇಳಿದು, ಪ್ರತಿ ಸ್ಕ್ರೂ ಬಿಗಿ ನೋಡಿ, ಆಮೇಲೆ ಬೆಟ್ಟಕ್ಕೆ ಹೋಗಿ.